ಹಿಮದೂರಿನ ಕೊಲೆಗಳು ನಮ್ಮ ಜಗಲಿಯಲ್ಲಿ

ಸಂಜೆ ಗುಂಡ್ಲುಪೇಟೆಯ ಬಸ್ಸಿಳಿದು ನಾನು ಮನೆಯ ಗೇಟು ತೆಗೆಯುತ್ತಿದ್ದಂತೆ ಅತ್ತೆಯ ಬಾಯಿಂದ ಬರುತ್ತಿದ್ದ ಮೊದಲ ಮಾತು, "ಇವತ್ತು ಯಾರ್ ಸತ್ರು ಕಣಮ್ಮಿ?" ಬೀದಿಯಲ್ಲಿ ಹೋಗುವವರು ಇದನ್ನು ಕೇಳಿ ತಿರುಗಿ ನೋಡಿದ್ದೂ ಉಂಟು. ಒಮ್ಮೆ ತರಕಾರಿ ಗಾಡಿಯವನು ಗಾಬರಿಬಿದ್ದು, ತಕ್ಕಡಿ ಕೆಳಗಿಟ್ಟು, "ಯಾರ್ ಓಗ್ಬುಟ್ರವ್ವಾ?" ಎಂದು ಕೇಳಿದ. ಅತ್ತೆ ನಿರಾಳವಾಗಿ, "ನಮ್ಮೋರಲ್ಲ ಬುಡಪ್ಪ, ಸ್ವೀಡನ್ ಕಡೆಯೋರು" ಎಂದರು.

ಮನೆ ಚಾಮರಾಜನಗರದಲ್ಲಿ, ಪಾಠ ಮಾಡುವ ಕೆಲಸ ಗುಂಡ್ಲುಪೇಟೆಯಲ್ಲಿ. ದಿನವೂ ಬಸ್ಸೇ ಗತಿ. ಆ ಬಸ್ಸಿನಲ್ಲಿ ನನಗೆ ಸ್ವೀಡನ್, ನಾರ್ವೆ, ಡೆನ್ಮಾರ್ಕ್, ಐಸ್‌ಲ್ಯಾಂಡ್ ಕಡೆಯ ಪತ್ತೇದಾರಿ ಕಾದಂಬರಿಗಳ ಹುಚ್ಚು ಹಿಡಿಯಿತು. ಇಂಗ್ಲಿಷಿಗೆ ಬಂದವನ್ನು ಸಿಕ್ಕಲ್ಲೆಲ್ಲ ಹುಡುಕಿ ತರುತ್ತಿದ್ದೆ. ಕಿಟಕಿಯಾಚೆ ಸುಡುವ ಬಿಸಿಲು, ಚೆಂಡುಹೂವಿನ ಹೊಲ. ತೊಡೆಯ ಮೇಲಿನ ಪುಸ್ತಕದಲ್ಲಿ ಮೊಣಕಾಲುದ್ದದ ಹಿಮ, ಅದರಲ್ಲೊಂದು ಹೆಣ. ತೆರಕಣಾಂಬಿ ಬರುವಷ್ಟರಲ್ಲಿ ಒಂದಾದರೂ ಹೆಣ ಬೀಳದಿದ್ದರೆ ನನಗೆ ಕಂಡಕ್ಟರ್ ಮೇಲೂ ಸಿಟ್ಟು ಬರುತ್ತಿತ್ತು.

ಅವುಗಳಲ್ಲಿ ನಿನಗೇನು ಕಾಣುತ್ತದೆ ಎಂದು ಮನೆಯವರು ಗೇಲಿ ಮಾಡುತ್ತಾರೆ. ಚುರುಕು ಪತ್ತೇದಾರರೆಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಎಲ್ಲ ತಿಳಿದವರ ಜೊತೆ ಬಸ್ಸಿನಲ್ಲಿ ಕೂರುವುದೇ ಕಷ್ಟ, ಇನ್ನು ಪುಸ್ತಕದಲ್ಲೂ ಯಾರು ಸಹಿಸಿಕೊಳ್ಳುತ್ತಾರೆ? ಈ ಹಿಮದೂರಿನ ಪೊಲೀಸರಿಗೆ ಹೊಟ್ಟೆ ಉರಿ, ನಿದ್ದೆಗೇಡು. ಕಾಫಿಯ ಮೇಲೆ ಕಾಫಿ ಕುಡಿಯುತ್ತಾರೆ. ಹೆಂಡತಿ ಬಿಟ್ಟುಹೋಗಿರುತ್ತಾಳೆ, ಮಗಳು ಫೋನ್ ಎತ್ತುವುದಿಲ್ಲ. ತಪ್ಪು ಮಾಡುತ್ತಾರೆ, ಮಾಡಿದ್ದಕ್ಕೆ ಕೊರಗುತ್ತಾರೆ. ಬರೆಯುವವರಿಗೂ ಅವಸರವಿಲ್ಲ. ಅವರಲ್ಲಿ ಹಿಂದೆ ಪತ್ರಿಕೆಯಲ್ಲಿದ್ದವರಿದ್ದಾರೆ, ವಕೀಲರಿದ್ದಾರೆ, ಗಂಡ ಹೆಂಡತಿ ಸೇರಿ ಬರೆಯುವವರೂ ಇದ್ದಾರಂತೆ. ಎಲ್ಲರಿಗೂ ತಮ್ಮ ದೇಶದ ಮೇಲೆ ಪ್ರೀತಿ ಬೆರೆತ ಒಂದು ಸಿಟ್ಟು. ರಸ್ತೆ ಚೆನ್ನಾಗಿದೆ, ಆಸ್ಪತ್ರೆ ಚೆನ್ನಾಗಿದೆ, ಪಿಂಚಣಿ ಸರಿಯಾಗಿ ಬರುತ್ತದೆ, ಆದರೂ ಮನುಷ್ಯ ಯಾಕೆ ಇಷ್ಟು ಒಂಟಿ ಎಂದು ಕೇಳುತ್ತಲೇ ಇರುತ್ತಾರೆ. ಕೊಂದವನು ಯಾರು ಎನ್ನುವುದಕ್ಕಿಂತ ಸತ್ತವಳು ಯಾರಾಗಿದ್ದಳು ಎನ್ನುವುದರ ಬೆನ್ನು ಹತ್ತುತ್ತಾರೆ. ಅದಕ್ಕೇ ನನಗೆ ಅವರು ಇಷ್ಟ.

ಮನೆಗೆ ಬಂದ ಮೇಲೂ ನಾನು ಪುಸ್ತಕದಲ್ಲೇ ಮುಖ ಹುದುಗಿಸಿ ಕೂರುವುದನ್ನು ಅತ್ತೆ ಕೆಲವು ದಿನ ನೋಡಿದರು. ಆಮೇಲೆ ಜಗಲಿಯ ಮೇಲೆ ಅವರೆಕಾಯಿ ರಾಶಿ ಸುರಿದುಕೊಂಡು, "ಅದ್ರಲ್ಲಿ ಅಂತಾದ್ದೇನದೆ ಅಂತ ನಂಗೂ ಏಳು" ಎಂದರು. ಹಾಗೆ ಶುರುವಾಯಿತು. ಆ ಹೆಸರುಗಳಿಗೆ ನನ್ನ ನಾಲಿಗೆಯೇ ಹೊರಳುತ್ತಿರಲಿಲ್ಲ, ಆದ್ದರಿಂದ ದಪ್ಪ ಪೊಲೀಸು, ಕನ್ನಡಕದವಳು ಎಂದು ಹೇಳುತ್ತಿದ್ದೆ. ಹಿಮ ಎಂದರೆ ಏನೆಂದು ಕೇಳಿದರು.

"ಗೋಪಾಲಸ್ವಾಮಿ ಬೆಟ್ದಲ್ಲಿ ಇರ್ತದಲ್ಲ ಅಂಗಾ?"

"ಅಲ್ಲಿ ಇರೋದು ಮಂಜು ಅತ್ತೆ. ಇದು ನೆಲಕ್ಕೆ ಬಿದ್ದು ತಿಂಗಳುಗಟ್ಟಲೆ ಹಾಗೇ ಕೂರುತ್ತೆ."

"ಅಂಗಾದ್ರೆ ಜನ ಬಾಗ್ಲಾಕ್ಕಂಡೇ ಇರ್ತಾರೆ. ಇನ್ನೇನ್ ಆಗ್ತದೆ, ಕೊಲೆನೇ ಆಗೋದು" ಎಂದು ತೀರ್ಪು ಕೊಟ್ಟರು. ದಪ್ಪ ಪೊಲೀಸಿನ ಮೇಲೆ ಅವರಿಗೆ ಮೊದಲ ದಿನವೇ ಕರುಳು ಚುರುಕ್ ಎಂದಿತು. "ಪಾಪ, ಅವುನ್ಗೊಂದು ಮುದ್ದೆ ತಿರುವಿ ಆಕೋರಿಲ್ವಲ್ಲಾ!"

ನಮ್ಮ ಎದುರುಮನೆಯಲ್ಲಿ ಟೈಲರಮ್ಮ ಇದ್ದಾರೆ. ಇಡೀ ಬೀದಿಗೆ ಅವರು ಟೈಲರಮ್ಮನೇ. ಗಂಡ ತೀರಿಕೊಂಡ ಮೇಲೆ ಹೊಲಿಗೆಯಿಂದಲೇ ಹೆಣ್ಣುಮಕ್ಕಳ ಮದುವೆ ಮಾಡಿ ಕಳಿಸಿ, ಈಗ ಒಬ್ಬರೇ ಇರುವವರು. ಒಂದು ಕಾಲದಲ್ಲಿ ಅತ್ತೆಗೂ ಅವರಿಗೂ ಒಂದೇ ಜೀವ. ಇಲ್ಲಿಯ ಹುಳಿ ಅಲ್ಲಿಗೆ, ಅಲ್ಲಿಯ ಹಬ್ಬದ ಶಾವಿಗೆ ಇಲ್ಲಿಗೆ. ಕೆಡಿಸಿದ್ದು ನನ್ನ ಮದುವೆ. ಮದುವೆಗೆಂದು ಅವರು ಅತ್ತೆಗೆ ಹೊಲಿದ ರವಿಕೆ ತೋಳಿನಲ್ಲಿ ಬಿಗಿಯಾಯಿತು. ಅತ್ತೆ ಉಮ್ಮತ್ತೂರಿನಿಂದ ಬಂದ ತವರಿನವರ ಎದುರಿಗೇ, "ಬಟ್ಟೆ ಉಳಿಸ್ಕಂಡವ್ಳೆ" ಎಂದುಬಿಟ್ಟರು. ಟೈಲರಮ್ಮ ಎದ್ದುಹೋದರು, ಮದುವೆಯ ಊಟಕ್ಕೂ ಬರಲಿಲ್ಲ. ನಾನು ಈ ಮನೆಗೆ ಕಾಲಿಟ್ಟಾಗಿನಿಂದ ಇಬ್ಬರೂ ಮಾತಾಡಿದ್ದನ್ನು ನೋಡಿಲ್ಲ. ಅಂಗಡಿಯಲ್ಲಿ ಹೊಲಿಸಿದ ಪ್ರತಿ ರವಿಕೆಯನ್ನೂ ಅತ್ತೆ ಬೈದುಕೊಂಡೇ ತೊಡುತ್ತಾರೆ. ಆ ಬೈಗುಳ ರವಿಕೆಗಲ್ಲ ಎಂದು ನನಗೆ ಗೊತ್ತು. ಅವರಿಗೆ ಟೈಲರಮ್ಮ ಬೇಕಿತ್ತು, ಹೋಗಿ ಮಾತಾಡಿಸಲು ಮುಖವಿರಲಿಲ್ಲ.

ಕತೆಯ ಹೊತ್ತಿಗೆ ಎದುರುಮನೆಯ ಮಿಷನ್ ಸದ್ದು ನಿಂತುಬಿಡುತ್ತಿತ್ತು. ಬೆಳಿಗ್ಗೆಯಿಂದ ಓಡಿದ್ದು ನಾನು ಜಗಲಿಯಲ್ಲಿ ಕೂತು ಬಾಯಿ ತೆರೆದರೆ ಗಪ್‌ಚಿಪ್. ಅತ್ತೆಗೆ ಅದು ನಾಟುತ್ತಿತ್ತು.

"ನೋಡ್ದಾ, ನಮ್ ದನಿ ಬಿದ್ದೇಟ್ಗೆ ಎದ್ದು ಒಳಕ್ಕೋಯ್ತಳೆ. ಅಷ್ಟು ಬ್ಯಾಡಾಗಿವ್ನಿ ನಾನು" ಎನ್ನುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ. ಟೈಲರಮ್ಮನ ಮೇಲೆ ನನಗೆ ಸಣ್ಣ ಸಿಟ್ಟೂ ಇತ್ತು.

ಹೋದ ಅವರೆಕಾಯಿ ಕಾಲದಲ್ಲಿ ನಾವು ಹಿಡಿದಿದ್ದ ಕಾದಂಬರಿಯಲ್ಲಿ ಒಬ್ಬ ಮುದುಕಿ ತನ್ನ ಮನೆಯಲ್ಲಿ ಕೊಲೆಯಾಗಿ ಬಹಳ ದಿನ ಹಾಗೇ ಬಿದ್ದಿರುತ್ತಾಳೆ. ಪೊಲೀಸರು ಅಕ್ಕಪಕ್ಕದ ಬಾಗಿಲು ತಟ್ಟಿದರೆ ಎಲ್ಲರದ್ದೂ ಒಂದೇ ಉತ್ತರ, ನಮಗೇನೂ ಕೇಳಿಸಲಿಲ್ಲ. ಅತ್ತೆ ಕೈಯಲ್ಲಿದ್ದ ಕಾಯನ್ನು ಮೊರಕ್ಕೆ ಎಸೆದರು.

"ಏನೂ ಕೇಳುಸ್ದೆ ಓದ್ರೆ ಓಗಿ ನೋಡ್ಬ್ಯಾಡ್ವಾ? ಅಷ್ಟ್ ದಿನ ಒಂದು ಪಾತ್ರೆ ಸದ್ದಿಲ್ಲ, ನೀರಿನ ಸದ್ದಿಲ್ಲ ಅಂದ್ರೆ? ಕೊಂದೋನ್ಗಿಂತ ಇವ್ರ್‌ಗೆ ನಾಕೇಟು ಆಕ್ಬೇಕು ಮೊದ್ಲು!"

ಆ ಸಿಟ್ಟು ಅವರಿಗೆ ಇಳಿಯಲೇ ಇಲ್ಲ. ಮರುದಿನವೂ ಅದೇ ಮಾತು, ಅದರ ಮರುದಿನವೂ ಅದೇ.

ಆ ಪುಸ್ತಕವನ್ನು ನಾನು ಬಸ್ಸಿನಲ್ಲಿ ಓದಿ ಮುಗಿಸಿದ ದಿನ ಗೇಟು ತೆಗೆದಾಗ ಅತ್ತೆ ಯಾರು ಸತ್ತರು ಎಂದು ಕೇಳಲಿಲ್ಲ. ಜಗಲಿಯ ಕಂಬ ಹಿಡಿದು ನಿಂತಿದ್ದರು.

"ನೆನ್ನೆ ಬೆಳಿಗ್ಗೆಯಿಂದ ಮಿಷನ್ ಸದ್ದಿಲ್ಲ ಕಣಮ್ಮಿ."

"ಮಗಳ ಮನೆಗೆ ಹೋಗಿರಬಹುದು ಅತ್ತೆ."

"ಬೀಗ ಆಕಿಲ್ಲ. ಒಣಗಾಕಿದ್ ಬಟ್ಟೆ ಅಂಗೇ ಅವೆ, ನೆನ್ನೆದು." ಅತ್ತೆ ಅಷ್ಟು ಹೊತ್ತೂ ಅಲ್ಲೇ ನಿಂತು ನೋಡಿದ್ದರೆಂದು ಕಾಣುತ್ತದೆ. ಕಾಲು ಮುಂದಿಡಲು ಹೋಗಿ ಹಿಂದಿಟ್ಟರು. "ನಾ ಓದ್ರೆ ಬಾಗ್ಲು ತೆಗೀದೆ ಓದ್ರೆ?" ಎಂದಾಗ ಅವರ ದನಿ ಚಿಕ್ಕ ಹುಡುಗಿಯದ್ದಾಗಿತ್ತು. ನಾನೇ ಹೋಗಿ ನೋಡಿ ಬರುತ್ತೇನೆ ಎಂದೆ.

"ಬ್ಯಾಡ. ನಾನೇ ಓಗ್ಬೇಕು, ನೀ ಜೊತ್ಗೆ ಬಾ" ಎಂದು ಸೆರಗು ಸಿಕ್ಕಿಸಿಕೊಂಡು ಬೀದಿ ದಾಟಿದರು.

ತಟ್ಟಿದರೆ ಒಳಗಿನಿಂದ ಸಣ್ಣದೊಂದು ನರಳಿಕೆ. ಬಾಗಿಲಿಗೆ ಅಗಣಿ ಹಾಕಿರಲಿಲ್ಲ. ಟೈಲರಮ್ಮ ಒಳಕೋಣೆಯ ಚಾಪೆಯ ಮೇಲೆ ಬಿದ್ದಿದ್ದರು. ಕೆಂಡದಂಥ ಜ್ವರ, ಬೆರಳ ಗೆಣ್ಣುಗಳೆಲ್ಲ ಊದಿಕೊಂಡು ಫೋನ್ ಒತ್ತಲೂ ಆಗದ ಸ್ಥಿತಿ. ಅತ್ತೆ ಹಣೆ ಮುಟ್ಟಿ ನೋಡಿ ನನ್ನತ್ತ ತಿರುಗಿದರು. ನಾನು ಮನೆಗೆ ಓಡಿ ಗಂಜಿ ಕಾಯಿಸಿ, ಡಾಕ್ಟರಿಗೂ ಅವರ ಮಗಳಿಗೂ ಫೋನ್ ಮಾಡಿ ಬಂದೆ. ಬಂದಾಗ ಟೈಲರಮ್ಮನ ತಲೆ ಅತ್ತೆಯ ತೊಡೆಯ ಮೇಲಿತ್ತು.

ಎರಡು ಗುಟುಕು ಗಂಜಿ ಇಳಿದ ಮೇಲೆ ಟೈಲರಮ್ಮ ಕಣ್ಣು ಬಿಟ್ಟು ಅತ್ತೆಯನ್ನು ನೋಡಿದರು.

"ಅಕ್ಕಾ, ಆ ಅಜ್ಜಿನ ಕೊಂದಿದ್ದು ಯಾರು?"

ಅತ್ತೆಗೆ ಅರ್ಥವಾಗಲಿಲ್ಲ. ನನಗೂ.

"ದಿನಾ ಕೇಳ್ತಿದ್ದೆ ಅಕ್ಕಾ. ಮಿಷನ್ ಶಬ್ದದಲ್ಲಿ ಕತೆ ಹೋಗ್ಬಿಡ್ತದೆ ಅಂತ ನಿಲ್ಲಿಸಿ, ಕಿಟಕಿ ಪಕ್ಕ ಕೂತ್ಕೊಳ್ತಿದ್ದೆ. ನೆನ್ನೆ ಎದ್ದು ಅಲ್ಲಿ ತನಕ ಬರಕ್ಕಾಗಿಲ್ಲ. ಯಾರು ಕೊಂದಿದ್ದು?"

ಇಷ್ಟು ದಿನ ಸಿಟ್ಟೆಂದುಕೊಂಡಿದ್ದ ಆ ಮೌನ ನಮ್ಮ ಕತೆಗೆ ಕಿವಿಗೊಟ್ಟ ಮೌನವಾಗಿತ್ತು. ಉತ್ತರ ಗೊತ್ತಿದ್ದವಳು ಅಲ್ಲಿ ನಾನೊಬ್ಬಳೇ, ಹೇಳಲು ಬಾಯಿ ತೆರೆದೆ. ಅತ್ತೆ ಕೈ ಎತ್ತಿ ನನ್ನನ್ನು ತಡೆದರು.

"ಯಾರೂ ಕೊಲ್ನಿಲ್ಲ ಕಣವ್ವ" ಎಂದರು. "ಎದುರುಮನೆಯೋಳು ಬಂದು ಬಾಗ್ಲು ತಟ್ಟುದ್ಲು. ಬರೋದು ವಸಿ ತಡ ಆಯ್ತು, ಅಷ್ಟೇಯ."

ಟೈಲರಮ್ಮ ಊದಿದ ಕೈಯಲ್ಲೇ ಅತ್ತೆಯ ಕೈ ಹಿಡಿದುಕೊಂಡು ಅತ್ತುಬಿಟ್ಟರು. ಆ ಮುದುಕಿಯನ್ನು ಕೊಂದವರು ಯಾರೆಂದು ಇಬ್ಬರೂ ನನ್ನನ್ನು ಇವತ್ತಿನವರೆಗೂ ಕೇಳಿಲ್ಲ.