ಕುಂಬಾರನೂ ಬಿಪಿ ಮಷೀನೂ

ನಮ್ಮಿಬ್ಬರ ಜಗಳ ದೇವರಷ್ಟು ಹಳೆಯದಲ್ಲ, ಕಾನ್ವೆಂಟಿನ ಬೆಂಚಿನಷ್ಟು ಹಳೆಯದು. ನಾನು ಬೆಳಗಾವಿ ಕ್ಯಾಂಪಿನ ಕ್ರೈಸ್ತರ ಮನೆಯವಳು, ನನ್ನ ಗೆಳತಿ ಖಾನಾಪುರದ ಮುಸ್ಲಿಮರ ಮನೆಯಿಂದ ಬೋರ್ಡಿಂಗಿಗೆ ಬಂದವಳು. ಒಂದು ಮಧ್ಯಾಹ್ನ ನಾನು ಕ್ಯಾಟಕಿಸಂ ಎಂಬ ಧರ್ಮಪಾಠದ ಕ್ಲಾಸಿನಿಂದ ಹೊರಬರುತ್ತಿದ್ದಂತೆ ನನ್ನ ಜಡೆ ಹಿಡಿದು ನಿಲ್ಲಿಸಿ, “ದೇವರು ಒಬ್ಬನ ಅಂತೀರಿ, ಮತ್ತ ತಂದಿ, ಮಗ, ಪವಿತ್ರಾತ್ಮ ಅಂತ ಮೂರು ಹೇಳ್ತೀರಿ. ಗಣಿತದ ಸಿಸ್ಟರ್ ಇದಕ್ಕ ಮಾರ್ಕ್ಸ್ ಕೊಡ್ತಾರೇನು?” ಎಂದು ಕೇಳಿದ್ದಳು. ಅಲ್ಲಿಂದ ಶುರು. ಮದುವೆಗಳಾದವು, ಮೊಮ್ಮಕ್ಕಳಾದರು, ಇಬ್ಬರ ಗಂಡಂದಿರೂ ಮೇಲೆ ಹೋಗಿ ಸರಿಯಾದ ಉತ್ತರ ತಿಳಿದುಕೊಂಡರು. ನಾವು ಮಾತ್ರ ಇನ್ನೂ ಡಿಬೇಟಿನಲ್ಲೇ ಇದ್ದೇವೆ.

ಈ ವರ್ಷ ಅವಳ ಕಣ್ಣಿನ ಪೊರೆ ಬಲಿತು, ಎದುರು ಕೂತ ಮೊಮ್ಮಗಳ ಮುಖವೂ ಮಬ್ಬಾಯಿತು. ಹೆದರಿ ಹೆದರಿ ಆಪರೇಶನ್ ಮುಂದೂಡುತ್ತಲೇ ಇದ್ದವಳು ಕೊನೆಗೊಂದು ಬೆಳಿಗ್ಗೆ ಖಾನಾಪುರದ ರೈಲಿನಿಂದ ಇಳಿದು ನನ್ನ ಕೈ ಹಿಡಿದಳು.

“ನೋಡ ಬೇ, ಒಂದ ದಿನಕ್ಕ ಸಾಲೂವಷ್ಟು ಧೈರ್ಯ ತಂದೀನಿ. ಇವತ್ತ ಆಗಲಿಲ್ಲಂದ್ರ ನಾ ತಿರುಗಿ ಬರೂದಿಲ್ಲ.”

ಅವಳು ಹೇಳಿದಂತೆ ಮಾಡುವವಳು. ನನಗೆ ಅದೇ ಭಯ.

ಆಸ್ಪತ್ರೆಯಲ್ಲಿ ಅವಳ ಬಳೆ, ಅವಳ ತಸ್ಬಿ ಎಲ್ಲವನ್ನೂ ನರ್ಸ್ ಬಿಚ್ಚಿಸಿ ನನಗೆ ಕೊಟ್ಟಳು. ನನ್ನ ರೋಸರಿ ಇದ್ದ ಪರ್ಸಿನಲ್ಲೇ ಆ ಜಪಮಣಿಗಳನ್ನೂ ಹಾಕಿಕೊಂಡೆ. ಕಣ್ಣಿಗೆ ಹನಿ ಹಾಕಿ, ಸರದಿ ಬರುವವರೆಗೆ ಮಲಗಿರಬೇಕು ಎಂದರು. ಹೆದರಿದಾಗ ಬೇರೆಯವರಿಗೆ ಬೆವರು ಬರುತ್ತದೆ, ನನ್ನ ಗೆಳತಿಗೆ ಥಿಯಾಲಜಿ ಬರುತ್ತದೆ.

“ನಮ್ಮೂರ ಕುಂಬಾರನ್ನ ನೋಡೀಯಲ್ಲ,” ಎಂದಳು ಕಣ್ಣು ಮುಚ್ಚಿಕೊಂಡೇ. “ಗಡಿಗಿ ಮಾಡಾಂವ ತಾನ ಗಡಿಗಿ ಆಗ್ತಾನೇನು?”

“ಪ್ರೀತಿ ಇದ್ರ ಆಗ್ತಾನ. ಗಡಿಗಿ ಸೀಳು ಬಿಟ್ರ ತಾನ ಮಣ್ಣಾಗಿ ಇಳದು ಬರ್ತಾನ.”

“ಹಂಗ ಇಳದು ಬಂದ್ರ ಮ್ಯಾಲೆ ಚಕ್ರ ಯಾರು ತಿರಗಸ್ತಾರು?”

“ತಂದಿ ಅದಾನಲ್ಲ.”

“ಅಂದ್ರ ಇಬ್ಬರಾದ್ರು.”

“ಇಬ್ಬರಲ್ಲ ಬೇ, ಒಬ್ಬನ.”

“ಮತ್ತ ಮೂರನೇದಾಂವ?”

“ಚಕ್ರ ತಿರಗಸೂ ಶಕ್ತಿ ಅಂತ ತಿಳಕೋ.”

“ನಮ್ಮ ಕುಂಬಾರ ಈಗ ಕರೆಂಟಿನ ಚಕ್ರ ತಂದಾನ,” ಎಂದಳು. ಪಕ್ಕದ ಮಂಚದ ಅಜ್ಜ ಕಣ್ಣಿಗೆ ಹತ್ತಿ ಇಟ್ಟುಕೊಂಡೇ ನಕ್ಕರು.

ನಾನು ಸೋಲೊಪ್ಪಲಿಲ್ಲ. “ಗಡಿಗಿ ಒಳಗ ಕೈ ಆಡಿಸಿ ನೋಡು, ಅವನ ಬೆರಳಿನ ಗುರುತು ಇರ್ತೈತಿ.”

“ಗುರುತು ಇರ್ತೈತಿ. ಬೆರಳು ಇರೂದಿಲ್ಲ.”

ಪಾಯಿಂಟ್ ಅವಳದು. ಅವಳ ದೇವರು ಹಾಗೆ: ಕರುಣಾಳು, ಕರೆದರೆ ಕೇಳುವಷ್ಟು ಹತ್ತಿರದವನು, ಆದರೆ ಅವನು ಮಾಡಿದ ಯಾವುದರ ಹಾಗೂ ಇಲ್ಲ. ಅವನಿಗೆ ಜೊತೆಯಿಲ್ಲ, ಸಂತಾನವಿಲ್ಲ, ರೂಪವಿಲ್ಲ. ಮರಿಯಮ್ಮನ ಮಗ ಯೇಸುವನ್ನು ಅವಳು ನನ್ನಷ್ಟೇ ಗೌರವದಿಂದ ನೆನೆಯುತ್ತಾಳೆ, ಪ್ರವಾದಿ ಎಂದು. ಅದಕ್ಕಿಂತ ಮುಂದಕ್ಕೆ ಒಂದು ಹೆಜ್ಜೆ ಇಡುವುದಿಲ್ಲ. ನನಗೋ ಹಸಿದ, ದಣಿದ, ಗೆಳೆಯ ಸತ್ತಾಗ ಅತ್ತ ದೇವರೇ ಬೇಕು. ಅಳದವನ ಹತ್ತಿರ ನಾನು ಏನು ಹೇಳಿಕೊಳ್ಳಲಿ?

ಇದನ್ನೇ ಹೇಳಲು ಬಾಯಿ ತೆರೆಯುವಷ್ಟರಲ್ಲಿ ನರ್ಸ್ ಬಂದು ಅವಳ ತೋಳಿಗೆ ಬಿಪಿ ಪಟ್ಟಿ ಸುತ್ತಿದಳು. ಮಷೀನು ನೋಡಿ ಹುಬ್ಬೇರಿಸಿದಳು.

“ಏನ್ ನಡಸೀರಿ ಅಜ್ಜಿ? ಆಸ್ತಿ ಜಗಳಾನ?”

“ಇಲ್ಲವ್ವಾ, ದೇವರ ವಿಷಯ.”

“ದೇವರ ವಿಷಯಕ್ಕ ಇಷ್ಟ ಏರ್ಸಿದ್ರ ಡಾಕ್ಟರು ಮುಟ್ಟೂದಿಲ್ರಿ. ಸರದಿ ಬರೂದ್ರೊಳಗ ಇಳೀಲಿಲ್ಲಂದ್ರ ಮುಂದಿನ ವಾರ ಬರ್ರಿ. ಈಗ ಇಬ್ಬರೂ ಸೈಲೆನ್ಸ್.”

ನಗು ಅಲ್ಲಿಗೇ ನಿಂತಿತು. ಮುಂದಿನ ವಾರ ಎಂಬುದು ಇಲ್ಲ ಎಂದು ನಮಗಿಬ್ಬರಿಗೂ ಗೊತ್ತಿತ್ತು. ಅವಳ ಬೆರಳುಗಳು ಹಾಸಿಗೆಯ ಮೇಲೆ ಏನನ್ನೋ ಹುಡುಕತೊಡಗಿದವು. ನಾನು ಪರ್ಸಿಗೆ ಕೈ ಹಾಕಿ, ಸಿಕ್ಕ ಮಣಿಗಳನ್ನು ಅವಳ ಅಂಗೈಯಲ್ಲಿಟ್ಟೆ.

ತುಟಿ ಅಲುಗುತ್ತಿದ್ದವು. ಮಣಿ ಜಾರುತ್ತಿದ್ದವು. ಆಮೇಲೆ ಬೆರಳು ಒಂದು ಕಡೆ ನಿಂತಿತು. ನೋಡಿದರೆ ಅವಳ ಹೆಬ್ಬೆರಳಿನ ಕೆಳಗೆ ನನ್ನ ರೋಸರಿಯ ಶಿಲುಬೆ.

ಓ ಮೈ ಗಾಡ್, ಈಗ ಬಿಪಿ ಸೂರು ಮುಟ್ಟುತ್ತದೆ ಎಂದುಕೊಂಡೆ.

ಅವಳು ಶಿಲುಬೆಯನ್ನು ಮೆಲ್ಲಗೆ ತಡವಿದಳು. “ನಿಂದ ಕೊಟ್ಟೀಯಲ್ಲ ಹುಚ್ಚಿ,” ಎಂದಳು ಪಿಸುಮಾತಿನಲ್ಲಿ. ಬದಲಿಸಲು ಕೈ ಚಾಚಿದರೆ ಕೊಡಲಿಲ್ಲ. “ಇರಲಿ ಬಿಡು. ದೇವರ ಹೆಸರ ಹೇಳಾಕ ಮಣಿ ಯಾರದಾದ್ರೇನು. ನಡುನಡುವ ಬರೂ ಈ ಬಿಡಿ ಮಣಿಗೆ ನೀ ಏನಂತೀದಿ?”

“ಪರಲೋಕದ ತಂದೆ, ಅಂತೀನಿ.”

“ಹಂಗಾರ ನಾ ಅದನ್ನ ಸುಮ್ಮನ ದಾಟ್ತೀನಿ.”

ಹಾಗೇ ಮಾಡಿದಳು. ಸಣ್ಣ ಮಣಿಗಳ ಮೇಲೆ ಅವಳ ದೇವರ ಒಂದೊಂದೇ ಹೆಸರು, ಬಿಡಿ ಮಣಿ ಬಂದಾಗ ಕೆಸರು ದಾಟುವವರ ಹಾಗೆ ಒಂದು ಸಣ್ಣ ಜಿಗಿತ. ಪ್ರತಿ ಜಿಗಿತಕ್ಕೂ ಅವಳು ಸದ್ದಿಲ್ಲದೆ ಕುಲುಕುಲು ನಗುತ್ತಿದ್ದಳು. ನಾನು ಅವಳ ತಸ್ಬಿ ಹಿಡಿದು ಕುಳಿತೆ. ನನ್ನ ‘ತಂದೆ’ಯನ್ನು ಯಾವ ಮಣಿಯ ಮೇಲೆ ಹೇಳಬೇಕೋ ತಿಳಿಯಲಿಲ್ಲ. ಕರುಣಾಳುವೇ, ಕರುಣಾಳುವೇ ಎಂದಷ್ಟೇ ಹೇಳುತ್ತ ಹೋದೆ. ಅದು ಎರಡೂ ಕಡೆ ನಡೆಯುತ್ತದೆ.

ನರ್ಸ್ ಮತ್ತೆ ಪಟ್ಟಿ ಸುತ್ತಿದಳು. “ಇಳದೈತ್ರಿ,” ಎಂದಳು. ರೋಸರಿಯನ್ನು ನನ್ನ ಕೈಗೆ ಕೊಟ್ಟು ಅವಳನ್ನು ಒಳಗೆ ಕರೆದೊಯ್ದಳು.

ಮರುದಿನ ಕಣ್ಣಿನ ಪಟ್ಟಿ ಬಿಚ್ಚಿದಾಗ ಅವಳು ಮೊದಲು ನನ್ನನ್ನು ನೋಡಿ, “ಯಾರ ಬೇ ಈ ಮುದುಕಿ?” ಎಂದಳು. ಆಮೇಲೆ, “ಎಲ್ಲಿ, ನಿನ್ನ ಮಾಲಿ ತೋರಸು,” ಎಂದು ಶಿಲುಬೆಯನ್ನು ಕಣ್ಣ ಹತ್ತಿರ ಹಿಡಿದಳು. ಹೊಸ ಕಣ್ಣು, ಅದಕ್ಕೆ ಎಲ್ಲವೂ ಕಾಣುತ್ತಿತ್ತು.

“ಇದರ ಮ್ಯಾಲಿನ ಮುಖ ಎಲ್ಲಿ ಹೋತು?”

ಅದು ನನ್ನ ತಾಯಿಯ ರೋಸರಿ. ಮೊದಲು ಅವರ ಹೆಬ್ಬೆರಳು, ಆಮೇಲೆ ನನ್ನದು, ಉಜ್ಜಿ ಉಜ್ಜಿ ಯೇಸುವಿನ ಕಣ್ಣು ಮೂಗೆಲ್ಲ ಸವೆದು ನುಣ್ಣಗಾಗಿದೆ. ನಾನದನ್ನು ಗಮನಿಸಿಯೇ ಇರಲಿಲ್ಲ.

“ನೋಡು,” ಎಂದಳು, “ನಾ ಇಷ್ಟ ವರ್ಷ ಬಡಕೊಂಡೆ, ದೇವರಿಗೆ ಮುಖ ಇಲ್ಲ ಅಂತ. ನಿನ್ನ ತಲಿ ಒಪ್ಪಲಿಲ್ಲ, ಹೆಬ್ಬಟ್ಟು ಒಪ್ಪಿಬಿಟ್ಟೈತಿ.”

“ಮುಟ್ಟಾಕ ಸಿಕ್ಕಾನ ಅಂತ ಸವದೈತಿ ಬೇ,” ಎಂದೆ ನಾನು.

ಅವಳು ಶಿಲುಬೆಯನ್ನು ಮತ್ತೊಮ್ಮೆ ಕಣ್ಣ ಹತ್ತಿರ ತಂದಳು. ಅಷ್ಟರಲ್ಲಿ ನರ್ಸ್ ಮಷೀನು ಹಿಡಿದು ಬಾಗಿಲಲ್ಲಿ ಕಂಡಳು. ಇಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡು, ಕಾನ್ವೆಂಟಿನ ಹುಡುಗಿಯರ ಹಾಗೆ ನೆಟ್ಟಗೆ ಕುಳಿತೆವು.