ಹಗೇವಿನ ಕತ್ತಲೆಯಲ್ಲಿ ಅತ್ತೆ

ಮಗಳು ಆರನೇ ತರಗತಿಯಲ್ಲಿದ್ದಾಗ ಒಂದು ನೋಟ್‌ಬುಕ್ಕಿನ ತುಂಬ ಕಥೆ ಬರೆಯಲು ಶುರು ಮಾಡಿದಳು. ಬೆಟ್ಟದ ಕೆಳಗಿನ ಗುಹೆಗಳಲ್ಲಿ ವಾಸಿಸುವ, ಮೊಣಕಾಲಿನವರೆಗೆ ಗಡ್ಡ ಬಿಟ್ಟ ಕುಬ್ಜರ ಕಥೆ ಅದು. ಅವರು ನೆಲ ಅಗೆದು ಹರಳು ತೆಗೆಯುತ್ತಿದ್ದರು, ಸುರಂಗದಲ್ಲಿ ಮದುವೆ ಮಾಡುತ್ತಿದ್ದರು, ವಿಪರೀತ ಜಗಳಾಡುತ್ತಿದ್ದರು. ಮೂರು ಅಧ್ಯಾಯ ಸರಾಗವಾಗಿ ಮುಗಿದವು. ಅಷ್ಟರಲ್ಲಿ ಅವಳ ಶಾಲೆಯ ಗೆಳತಿ ಒಂದೇ ಪ್ರಶ್ನೆ ಕೇಳಿ ಎಲ್ಲವನ್ನೂ ನಿಲ್ಲಿಸಿಬಿಟ್ಟಳು: ಅಷ್ಟು ಕತ್ತಲೆಯಲ್ಲಿ ಅವರಿಗೆ ಹೇಗೆ ಕಾಣುತ್ತದೆ?

"ದೀವಟಿಗಿ ಹಚ್ತಾರ ಅಂದೆ. ಹೊಗಿ ತುಂಬಿ ಎಲ್ಲಾರೂ ಕೆಮ್ಮಿ ಸಾಯ್ತಾರ ಅಂದ್ಳು. ಅವ್ವಾ, ನೀ ಕಣ್ಣಿನ ಕೆಲಸ ಮಾಡಾಕಿ, ನೀನ ಹೇಳು."

ನಾನು ಕಲಬುರಗಿಯ ಸೂಪರ್ ಮಾರ್ಕೆಟ್‌ನ ಒಂದು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಹದಿನಾರು ವರ್ಷದಿಂದ ಜನರನ್ನು ಕೂರಿಸಿ, ಅಕ್ಷರ ಓದಿಸಿ, ನಂಬರ್ ಬರೆಯುತ್ತಿದ್ದೇನೆ. ಹಾಗಾಗಿ ಸ್ವಲ್ಪ ಗತ್ತಿನಿಂದಲೇ ಹೇಳಿದೆ, ಬೆಳಕು ಒಂದಿಷ್ಟೂ ಇಲ್ಲದಿದ್ದರೆ ಯಾವ ಕಣ್ಣಿಗೂ ಕಾಣುವುದಿಲ್ಲ, ಬೆಕ್ಕಿಗೂ ಇಲ್ಲ, ಗೂಬೆಗೂ ಇಲ್ಲ ಎಂದು. ಮಗಳಿಗೆ ಸಿಟ್ಟು ಬಂತು. ನೋಟ್‌ಬುಕ್ ಮುಚ್ಚಿ ದಿಂಬಿನ ಕೆಳಗೆ ತುರುಕಿದಳು.

ಮರುದಿನ ಅಂಗಡಿಯಲ್ಲಿ ಚಾಚಾ ಅವರಿಗೆ ಇದನ್ನು ಹೇಳಿದೆ. ಅವರು ಮೋಮಿನಪುರದವರು, ನಮ್ಮಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವರು. ಕೈಯಲ್ಲಿದ್ದ ಗಾಜನ್ನು ಕೆಳಗಿಟ್ಟು ಅವರು ಗಂಭೀರವಾಗಿ ಯೋಚಿಸಿದರು.

"ನೀವು ಕಣ್ಣಿನ ಹಿಸಾಬ್ ಹೇಳಿದ್ರಿ ಬೇಟಿ, ಅದು ಸಹೀ ಅದ. ಆದ್ರ ಹುಡುಗಿ ಕೇಳಿದ್ದು ಕಣ್ಣಿನ ಮಾತಲ್ಲ. ಅಲ್ಲಿ ಮಂದಿ ಹ್ಯಾಂಗ ಇರ್ತಾರ ಅಂತ ಕೇಳ್ಯಾಳ. ಕತ್ತಲದಾಗ ಕೆಲಸ ಮಾಡಿದವರು ಯಾರರ ಇದ್ರ ಅವರನ್ನ ಕೇಳ್ರಿ."

ಕತ್ತಲಲ್ಲಿ ಕೆಲಸ ಮಾಡಿದವರನ್ನು ಎಲ್ಲಿ ಹುಡುಕುವುದು? ಆ ವಾರವೇ ಕಮಲಾಪುರದಿಂದ ಅತ್ತೆಯ ಮಗನ ಫೋನ್ ಬಂತು. ಅತ್ತೆ ಎಂದರೆ ನನ್ನ ತಂದೆಯ ಅಕ್ಕ. ಅವರ ಮನೆಯ ಅಂಗಳದಲ್ಲಿ ಹಳೆಯ ಹಗೇವು ಇದೆ. ಹಗೇವು ಎಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ. ಬಾಯಿ ಒಬ್ಬರು ಇಳಿಯುವಷ್ಟು, ಒಳಗೆ ಮಾತ್ರ ಗಡಿಗೆಯ ಹೊಟ್ಟೆಯಂತೆ ಅಗಲ. ಎಷ್ಟೋ ವರ್ಷದಿಂದ ಅದು ಖಾಲಿ ಬಿದ್ದಿತ್ತು. ಈಗ ಅದಕ್ಕೆ ಮಣ್ಣು ತುಂಬಿ, ಮೇಲೆ ಬಚ್ಚಲುಮನೆ ಕಟ್ಟಿಸುತ್ತಾರಂತೆ.

"ಮುಚ್ಚೋದ್ರೊಳಗ ಒಮ್ಮೆ ಬಂದು ನೋಡಿ ಹೋಗ್ರಿ," ಎಂದ.

ಭಾನುವಾರ ಬೆಳಗ್ಗೆ ತಾಯಿ ಮಗಳು ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಮಗಳು ನೋಟ್‌ಬುಕ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

ಅತ್ತೆಗೆ ಎಪ್ಪತ್ತು ದಾಟಿದೆ. ಆಳು ಗಿಡ್ಡ, ನನ್ನ ಭುಜಕ್ಕೂ ಬರುವುದಿಲ್ಲ. ಬಾಗಿಲಲ್ಲೇ ಮಗಳ ಕೆನ್ನೆ ಸವರಿ, "ಕೋರಿ ಹಲ್ಲು ಬಂತಲ್ಲವಾ!" ಎಂದರು. ಚಹಾ ಸೋಸುವಾಗ ಕಪ್ಪಿನ ಅಂಚಿಗೆ ಒಂದು ಬೆರಳು ಇಟ್ಟುಕೊಂಡೇ ಸೋಸಿದರು. ವಯಸ್ಸಾದವರ ರೂಢಿ ಎಂದುಕೊಂಡು ನಾನು ಕುಡಿದೆ.

ಅತ್ತೆಯ ಮಗ ಎರಡು ದಿನ ಮೊದಲೇ ಹಗೇವಿನ ಕಲ್ಲು ಸರಿಸಿ ಗಾಳಿಗೆ ಬಿಟ್ಟಿದ್ದ. ಒಳಗಿನ ಕೆಟ್ಟ ಗಾಳಿ ಹೋಗಿದೆಯೋ ಇಲ್ಲವೋ ನೋಡಲು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟ. ಅದು ತಳ ಮುಟ್ಟಿದರೂ ಆರದೆ ಉರಿಯಿತು. ಏಣಿ ಇಟ್ಟ ಕೂಡಲೇ ಅತ್ತೆ ಸೀರೆಯ ಕಚ್ಚೆ ಬಿಗಿದರು.

"ಯವ್ವಾ, ನೀ ಯಾಕ? ನಾ ಇಳೀತೀನಿ," ಎಂದ ಮಗ.

"ನೀ ಹುಟ್ಟೋಕಿಂತ ಮೊದ್ಲು ಇಳಿದಾಕಿ ನಾ. ಮದುವಿ ಆಗಿ ಬಂದಾಗ ಮನ್ಯಾಗ ಎಲ್ಲಾರಕಿಂತ ಸಣ್ಣಾಕಿ ನಾನ. ಜ್ವಾಳ ತಗೀಬೇಕಂದ್ರ ನನ್ನನ್ನ ಇಳಸ್ತಿದ್ರು," ಎನ್ನುತ್ತಲೇ ಅವರು ಏಣಿಯ ಅರ್ಧ ಇಳಿದಾಗಿತ್ತು.

ನಾನೂ ಮಗಳೂ ಹಿಂದೆ ಇಳಿದೆವು. ಗರಸು ನೆಲದಲ್ಲಿ ತೋಡಿದ ಗೋಡೆಗಳು, ಕಾಲಿಗೆ ಹಳೆಯ ಹುಲ್ಲಿನ ಪುಡಿ. ಮಗಳ ಹಟಕ್ಕೆ, ಮೇಲಿದ್ದ ಅತ್ತೆಯ ಮಗನಿಗೆ ಹೇಳಿ ಕಂದೀಲು ಎಳೆಸಿ, ಬಾಯಿಗೆ ಸ್ವಲ್ಪ ಹೊತ್ತು ದಪ್ಪ ತಾಡಪತ್ರಿ ಹೊದಿಸಿದೆವು.

ಕತ್ತಲು ಎಂದರೆ ಅಂಥ ಕತ್ತಲು. ಕಣ್ಣು ಹೊಂದಿಕೊಳ್ಳಲಿ ಎಂದು ಕಾದೆ. ಮುಖದೆದುರು ಕೈ ಆಡಿಸಿದೆ. ಏನೂ ಇಲ್ಲ. ಮೇಲೆ ಹತ್ತಿಬಿಡೋಣ ಎನಿಸಿತು, ಆದರೆ ಮಗಳೆದುರು ಹೇಳಲು ನಾಚಿಕೆ.

"ಆಯಿ, ನಂಗ ಹಸರು ಚುಕ್ಕಿ ಕಾಣಾಕತ್ತಾವ," ಎಂದಳು ಮಗಳು. ಅತ್ತೆಯನ್ನು ಅವಳು ಕರೆಯುವುದು ಆಯಿ ಎಂದೇ.

"ಅದು ಕಣ್ಣಿನ ಸುಳ್ಳು. ಕಣ್ಣು ಮುಚ್ಚು. ತೆರೆದಿಟ್ರ ಅದಕ್ಕ ಆಸೆ ಇರ್ತದ, ಕಿವಿಗಿ ಕೆಲಸ ಮಾಡಗೊಡಂಗಿಲ್ಲ. ಈಗ ಒಮ್ಮೆ ಕೆಮ್ಮು," ಎಂದರು ಅತ್ತೆ.

ಮಗಳು ಕೆಮ್ಮಿದಳು.

"ತಿರಗಿ ನಿಂತು ಮತ್ತ ಕೆಮ್ಮು. ಏನ್ ಫರಕ್ ಅದ?"

"ಈಗ ಸಪ್ಪಳ ಜಲ್ದಿ ವಾಪಸ್ ಬಂತು."

"ಅಂದ್ರ ಆ ಕಡಿ ಗ್ವಾಡಿ ಹತ್ರ ಅದ. ಜ್ವಾಳ ಎಲ್ಲಿ ಉಳದದ ಅಂತ ಮೂಗು ಹೇಳ್ತದ, ಏಣಿ ಎಲ್ಲದ ಅಂತ ಪಾದ ಹೇಳ್ತದ. ತಣ್ಣನ ಗಾಳಿ ನೆತ್ತಿಗಿ ಬಡೀತಂದ್ರ ಬಾಯಿ ಕೆಳಗ ಬಂದೆ ಅಂತ ತಿಳಕೋ."

ಆಮೇಲೆ ಇಬ್ಬರೂ ಕೆಮ್ಮುತ್ತ, ಚಪ್ಪಾಳೆ ತಟ್ಟುತ್ತ ಸುತ್ತಾಡತೊಡಗಿದರು. ನಾನು ಎರಡು ಸಲ ಗೋಡೆಗೆ ಹಣೆ ಬಡಿಸಿಕೊಂಡೆ. ಅತ್ತೆ ನಗುತ್ತ ಬಂದು ನೇರವಾಗಿ ನನ್ನ ಮೊಣಕೈ ಹಿಡಿದರು. ನನ್ನ ಉಸಿರಿನ ಸದ್ದು ಎತ್ತಿನಂತೆ ಕೇಳುತ್ತಿತ್ತಂತೆ.

"ಆಯಿ, ನಿಮಗ ಅಂಜಿಕಿ ಬರಾಂಗಿಲ್ಲೇನು?"

"ಯಾತರ ಅಂಜಿಕಿ? ಮ್ಯಾಲೂ ನನಗ ಈಗ ಹಿಂಗ ಅದ."

ಮಗಳು ನಕ್ಕಳು. ನನಗೆ ನಗು ಬರಲಿಲ್ಲ. ಕಪ್ಪಿನ ಅಂಚಿನ ಬೆರಳು, ಕೆನ್ನೆ ಸವರಿ ಹಲ್ಲು ತಿಳಿದುಕೊಂಡದ್ದು, ಎಲ್ಲವೂ ಒಟ್ಟಿಗೆ ಅರ್ಥವಾಯಿತು. ತಾಡಪತ್ರಿ ತೆಗೆಸಿ, ಮೇಲೆ ಬಂದವಳೇ ಅತ್ತೆಯನ್ನು ಬಿಸಿಲಿನ ಕಡೆ ತಿರುಗಿಸಿ ಕಣ್ಣು ನೋಡಿದೆ. ಎರಡರಲ್ಲೂ ಪೊರೆ ಬೆಳೆದು ಹಾಲಿನ ಹಾಗೆ ಆಗಿತ್ತು. ದಿನಕ್ಕೆ ಮೂವತ್ತು ಜನರ ಕಣ್ಣು ನೋಡುವವಳು ನಾನು. ಹಬ್ಬ ಹುಣ್ಣಿಮೆಗೆ ಬಂದು ಉಂಡು ಹೋಗುತ್ತಿದ್ದೆ, ಒಮ್ಮೆಯೂ ನೋಡಿರಲಿಲ್ಲ.

"ಯಾಕ ಹೇಳಲಿಲ್ಲ ಅತ್ತಿ?"

"ಹೇಳಿದ್ರ ಒಲಿ ಮುಂದ ಕೂಡಗೊಡಂಗಿಲ್ಲ, ಹೊಲಕ್ಕ ಬಿಡಂಗಿಲ್ಲ. ಕಟ್ಟಿ ಮ್ಯಾಲ ಕುಂಡ್ರಿಸಿ ಊಟ ಹಾಕ್ತಾರ. ಕಣ್ಣು ಹೋದ್ರೂ ನಡೀತದ, ಅದು ನಡೆಯಂಗಿಲ್ಲ."

ಇದು ಆಪರೇಶನ್‌ನಿಂದ ಸರಿಹೋಗುವಂಥದ್ದು ಎಂದು ನಾನು ಹೇಳಿದಾಗ ಅತ್ತೆ ನಂಬಲಿಲ್ಲ. ಕಣ್ಣು ಕಿತ್ತು ತೊಳೆದು ಮತ್ತೆ ಇಡುತ್ತಾರೆ ಎಂದು ಯಾರೋ ಹೆದರಿಸಿದ್ದರು. ಆರಿಸಿ ತಣ್ಣಗಾಗಿದ್ದ, ಗಾಜು ಮಸಿ ಹಿಡಿದ ಕಂದೀಲನ್ನು ಅವರ ಕೈಗೆ ಕೊಟ್ಟೆ. "ಕಣ್ಣಿನ ದೀಪ ಆರಿಲ್ಲ ಅತ್ತಿ, ಗಾಜು ಮಬ್ಬಾಗ್ಯದ. ಗಾಜು ಬದಲಿ ಮಾಡ್ತಾರ, ಅಷ್ಟ." ಬೆರಳಿನಿಂದ ಆ ಗಾಜನ್ನು ಬಹಳ ಹೊತ್ತು ಒರೆಸುತ್ತ ಕೂತು, ಕೊನೆಗೆ ಹೂಂ ಎಂದರು.

ಕಲಬುರಗಿಯಲ್ಲಿ ಒಂದು ಕಣ್ಣಿನ ಆಪರೇಶನ್ ಆಗಿ, ತಿಂಗಳ ಬಳಿಕ ಇನ್ನೊಂದರದೂ ಆಯಿತು. ಎರಡೂ ಸಲ ನಮ್ಮ ಮನೆಯಲ್ಲೇ ಉಳಿದರು. ಪಟ್ಟಿ ಬಿಚ್ಚಿದ ದಿನ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇಷ್ಟ್ಯಾಕ ಕೂದಲ ಬೆಳ್ಳಗಾಗ್ಯಾವ ನಿನಗ?" ಎಂದು ನಿಜವಾಗಿಯೂ ಮರುಗಿದರು. ಮಧ್ಯಾಹ್ನಗಳಲ್ಲಿ ಮಗಳು ನಾಲ್ಕನೇ ಅಧ್ಯಾಯ ಓದಿ ಹೇಳುತ್ತಿದ್ದಳು. ಅದರಲ್ಲಿ ಪ್ರತಿ ಕುಬ್ಜನಿಗೂ ಅವನದೇ ಕೆಮ್ಮು ಇತ್ತು, ಸುರಂಗಗಳಿಗೆ ವಾಸನೆಯ ಹೆಸರುಗಳಿದ್ದವು, ಹೆಬ್ಬಾಗಿಲು ಹುಡುಕಲು ಬೋಳುತಲೆಯವರನ್ನು ಮುಂದೆ ಬಿಡುತ್ತಿದ್ದರು, ಗಾಳಿ ಅವರಿಗೆ ಬೇಗ ತಿಳಿಯುತ್ತದೆಂದು. ಅತ್ತೆಯದು ಒಂದೇ ತಕರಾರು: ಅಷ್ಟುದ್ದ ಗಡ್ಡ ಬಿಟ್ಟರೆ ಏಣಿಯಲ್ಲಿ ಕಾಲಿಗೆ ಸಿಕ್ಕುತ್ತದೆ, ಗಂಟು ಹಾಕಿಸು. ಮಗಳು ಹಾಕಿಸಿದಳು. ಗೆಳತಿಯೂ ಒಪ್ಪಿದಳಂತೆ.

ಅತ್ತೆ ಕಮಲಾಪುರಕ್ಕೆ ಮರಳಿದ ಎಂಟು ದಿನಕ್ಕೆ ಅವರ ಸೊಸೆಯ ಫೋನ್ ಬಂತು.

"ಅಕ್ಕಾ, ಯಾಕರ ಆಪರೇಶನ್ ಮಾಡಿಸಿದ್ರಿ? ಭಾಂಡೆ ಎಲ್ಲಾ ಜಿಡ್ಡು ಅಂತ ಮತ್ತೊಮ್ಮೆ ತೊಳಿಸ್ಯಾರ. ಈಗ ಗ್ವಾಡಿಗಿ ಸುಣ್ಣ ಹಚ್ಚಾಕತ್ತಾರ, ಸ್ಟೂಲ್ ಹತ್ತಿ ನಿಂತಾರ!"

ಹಿಂದಿನಿಂದ ಅತ್ತೆಯ ಧ್ವನಿ ಜೋರಾಗಿ ಕೇಳಿಸಿತು: "ಆ ಮೂಲ್ಯಾಗ ಜೇಡರ ಬಲಿ ನೋಡು, ನಾಲ್ಕು ವರ್ಷದ್ದು!"