ನಾನು ಬಿಡಿಸಿದ ಗುಳಿಗೆ

ಮಾದನಹಿಪ್ಪರಗಾದಿಂದ ಆಚೆಗೆ ಒಂದು ಹಳ್ಳಿಯ ಸಾಲೆಯಲ್ಲಿ ನಾನು ವಿಜ್ಞಾನದ ಮಾಸ್ತರನಾಗಿದ್ದೆ. ರಕ್ತದ ಪಾಠ ಬಂತೆಂದರೆ ನನಗೆ ಎಲ್ಲಿಲ್ಲದ ಹುರುಪು. ಕರಿಹಲಗೆಯ ಮೇಲೆ ಬಿಳಿ ರಕ್ತಕಣಕ್ಕೆ ಮೀಸೆ ಬರೆದು, ಕೈಗೆ ಬಂದೂಕು ಕೊಟ್ಟು, ಇವರು ನಿಮ್ಮ ಮೈಯೊಳಗಿನ ಸಿಪಾಯಿಗಳು, ಎಷ್ಟು ಹೆಚ್ಚಿದ್ದರೆ ಅಷ್ಟು ಚಲೋ ಎನ್ನುತ್ತಿದ್ದೆ. ಆ ಕಡೆ ಬಿ.ಎಸ್ಸಿ. ಮಾಡಿದವನು ನಾನೊಬ್ಬನೇ. ಜ್ವರ ಬಂದವರು, ಎತ್ತಿಗೆ ಬಾವು ಬಂದವರು, ಕೂಸಿಗೆ ಸೂಜಿ ಹಾಕಿಸಬೇಕೋ ಬೇಡವೋ ಎನ್ನುವವರು, ಎಲ್ಲರೂ ನಮ್ಮ ಮನೆಯ ಕಟ್ಟೆಗೆ ಬರುತ್ತಿದ್ದರು. ಗೊತ್ತಿಲ್ಲ ಎಂದು ನಾನು ಯಾರಿಗೂ ಹೇಳಿದ್ದು ನೆನಪಿಲ್ಲ. ತುಂಬಿದ ಕೊಡ ತುಳುಕುವುದಿಲ್ಲ ಅಂತಾರೆ. ನಾನು ಅರ್ಧ ಕೊಡ, ಊರ ತುಂಬ ತುಳುಕಿಸಿಕೊಂಡು ತಿರುಗಿದೆ.

ನನಗೊಬ್ಬಳೇ ತಂಗಿ. ಜೇವರ್ಗಿಗೆ ಕೊಟ್ಟಿದ್ದೆವು. ಎಂಬತ್ತರ ದಶಕದ ಆರಂಭದ ಆ ವರ್ಷ ಅವಳಿಗೆ ಕೀಲುಕೀಲೆಲ್ಲ ನೋವು ಶುರುವಾಯಿತು. ಮೂಗಿನ ಮೇಲೆ, ಎರಡೂ ಕೆನ್ನೆಗೆ ಹರಡಿ ಕೆಂಪು ಮಚ್ಚೆ ಬಂತು. ಬಿಸಿಲಿಗೆ ಹೋದರೆ ಅದು ಉರಿಯುತ್ತಿತ್ತು. ಗುಲ್ಬರ್ಗಾದ ಡಾಕ್ಟರೊಬ್ಬರು ರಕ್ತ ನೋಡಿ, ಇವಳ ಮೈಯನ್ನು ಕಾಯಬೇಕಾದ ಕಣಗಳೇ ಇವಳ ಮೈಯನ್ನು ತಿನ್ನುತ್ತಿವೆ ಎಂದು ಹೇಳಿ ಸಣ್ಣ ಬಿಳಿ ಗುಳಿಗೆ ಕೊಟ್ಟರು. ಒಂದು ದಿನವೂ ಬಿಡಬಾರದು ಎಂದು ಬಾರಿಬಾರಿಗೆ ಹೇಳಿ ಕಳಿಸಿದ್ದರು.

ನಾಗರ ಪಂಚಮಿಗೆ ಅಣ್ಣ ಹೋಗಿ ಕರೆದುಕೊಂಡು ಬರದಿದ್ದರೆ ನಮ್ಮ ಕಡೆ ಹೆಣ್ಣುಮಗಳು ಗಂಡನ ಮನೆಯಲ್ಲಿ ತಲೆ ಎತ್ತುವಂತಿಲ್ಲ. ಹಾಗಾಗಿ ಎರಡು ಬಸ್ಸು ಬದಲಿಸಿ ಜೇವರ್ಗಿಗೆ ಹೋದೆ. ಭಾವ ಡಾಕ್ಟರ ಮಾತನ್ನೆಲ್ಲ ನನಗೆ ಒಪ್ಪಿಸಿದರು. ನಾನು ನಕ್ಕೆ. ಬೇಲಿಯೇ ಎದ್ದು ಹೊಲ ಮೇಯುವುದು ಗಾದೆಯಲ್ಲಿ ಮಾತ್ರ ಭಾವಾ, ಮೈಯೊಳಗೆ ಹಾಗೆಲ್ಲ ಆಗುವುದಿಲ್ಲ ಎಂದೆ. ಅವರು ಪಾಪ, ತೊಗರಿ ವ್ಯಾಪಾರದ ಮನುಷ್ಯ. ಓದಿದವರು ನೀವು, ನೀವೇ ಒಮ್ಮೆ ನೋಡಿಬಿಡ್ರಿ ಎಂದು ಆರು ವರ್ಷದ ಮಗಳ ಜೊತೆ ಹೆಂಡತಿಯನ್ನು ಕಳಿಸಿಕೊಟ್ಟರು.

ಗುಳಿಗೆಯಿಂದ ತಂಗಿಯ ಮುಖ ಗುಂಡಗೆ ಊದಿತ್ತು. ಓಣಿಯ ಹೆಂಗಸರು, ಗಂಡನ ಮನೆಯ ಊಟ ಮೈಗೆ ಹತ್ತಿದೆ ಎಂದು ಚಾಷ್ಟಿ ಮಾಡಿದರು. ಅವಳು ಸೆರಗನ್ನು ಕೆನ್ನೆಯವರೆಗೆ ಎಳೆದುಕೊಂಡು ಒಳಗೇ ಕೂತಳು. ಜೋಕಾಲಿಗೆ ಬಾ ಎಂದರೆ ಬರಲಿಲ್ಲ. ಗುಳಿಗೆಯ ಡಬ್ಬಿಯೊಳಗೆ ಮಡಿಚಿಟ್ಟಿದ್ದ ಇಂಗ್ಲಿಷ್ ಕಾಗದವನ್ನು ತೆಗೆದು, ಡಿಕ್ಷನರಿ ಇಟ್ಟುಕೊಂಡು ಓದಿದೆ. ರೋಗದೊಂದಿಗೆ ಹೋರಾಡುವ ಶಕ್ತಿಯನ್ನು ಇದು ಕುಗ್ಗಿಸುತ್ತದೆ ಎಂದಿತ್ತು. ಅಂದರೆ ನನ್ನ ಸಿಪಾಯಿಗಳನ್ನು ಕೊಲ್ಲುವ ಗುಳಿಗೆ! ತಂಗಿಗೆ ದಿನಾಲೂ ವಿಷ ಹಾಕುತ್ತಿದ್ದಾರೆ ಅನಿಸಿತು.

ಅವ್ವನಿಗೆ ಇದನ್ನೆಲ್ಲ ವಿವರಿಸಿದೆ. ಅವ್ವ ಸಣ್ಣವಳಿದ್ದಾಗ ಬಂದೂಕಿನವರು ಊರು ಹೊಕ್ಕರೆಂದು ಜೋಳ ತುಂಬುವ ಹಗೇವಿನಲ್ಲಿ ಒಂದು ಹಗಲು ಪೂರ್ತಿ ಅಡಗಿ ಕೂತವಳು. ನನ್ನ ಸಿಪಾಯಿಗಳ ಕತೆಯನ್ನು ಕೊನೆಯತನಕ ಕೇಳಿ ಅವಳು ಹೇಳಿದ್ದು ಇಷ್ಟೇ:

"ಬಂದೂಕ ಹಿಡದವರೆಲ್ಲಾ ನಮ್ಮವರೇ ಇರ್ತಾರೇನಪಾ? ಡಾಕ್ಟರಿಗೆ ಒಂದ್ ಮಾತು ಕೇಳಿ ಬಾ."

ನಿನಗೇನು ತಿಳಿಯುತ್ತದೆ, ಸುಮ್ಮನೆ ಕೂಡು ಎಂದೆ. ಸಾಲೆಯ ಮೆಟ್ಟಿಲು ಹತ್ತದವಳಿಗೆ ತಿಳಿದದ್ದು ನನಗೆ ತಿಳಿಯಲಿಲ್ಲ. ಗುಲ್ಬರ್ಗಾಕ್ಕೆ ದಿನಾ ಬಸ್ಸಿತ್ತು, ಹೋಗಿ ಕೇಳಬಹುದಿತ್ತು. ಕೇಳಿದರೆ ನನ್ನ ಮಾಸ್ತರಕಿಗೆ ಕಡಿಮೆ ಎಂದು ಹೋಗಲಿಲ್ಲ. ಇದನ್ನು ಬರೆಯುವಾಗಲೂ ಕಿವಿ ಬಿಸಿಯಾಗುತ್ತದೆ.

ತಂಗಿ ಮಾತ್ರ ಗುಳಿಗೆಯ ಡಬ್ಬಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. "ಅಣ್ಣಾ, ಒಂದಿನಾನೂ ಬಿಡಬ್ಯಾಡ ಅಂದಾರ" ಎಂದಳು.

"ನನ್ನ ಮ್ಯಾಲ ಭರೋಸಾ ಇಲ್ಲೇನು ನಿನಗ?" ಎಂದೆ.

ಅಣ್ಣ ಹಾಗೆ ಕೇಳಿದ ಮೇಲೆ ಅವಳು ಇಲ್ಲ ಅನ್ನುವುದು ಹೇಗೆ? ಮುಷ್ಟಿ ಬಿಚ್ಚಿದಳು. ಡಬ್ಬಿಯನ್ನು ನಾನೇ ಒಯ್ದು ತಿಪ್ಪೆಗೆ ಚೆಲ್ಲಿ ಬಂದೆ. ಹಾಲು, ತುಪ್ಪ, ಅಂಟಿನ ಉಂಡಿ ಶುರು ಮಾಡಿಸಿದೆ, ಸಿಪಾಯಿಗಳಿಗೆ ಬಲ ಬರಲಿ ಎಂದು. ನಾಲ್ಕೈದು ದಿನ ಅವಳು ನೆಟ್ಟಗೇ ಇದ್ದಳು. ಕಟ್ಟೆಯ ಮೇಲೆ ಕೂತು ಬಂದವರಿಗೆಲ್ಲ ನನ್ನ ಪರಾಕ್ರಮ ಹೇಳಿದೆ. ಆಗಲೇ ನನ್ನ ಬಾಯಿಗಿಷ್ಟು ಮಣ್ಣು ಬೀಳಬಾರದಿತ್ತೇ!

ಹತ್ತನೆಯ ದಿನ ಅವಳಿಗೆ ಹಾಸಿಗೆಯಿಂದ ಏಳಲಾಗಲಿಲ್ಲ. ತಿಂದದ್ದೆಲ್ಲ ವಾಂತಿ, ಮೈ ಸುಡುವ ಜ್ವರ. ಕಾಲು ಒತ್ತಿದರೆ ಬೆರಳು ಮೂಡುವಷ್ಟು ಬಾವು. ಆಳಂದದಿಂದ ಒಂದು ಜೀಪು ಮಾಡಿಕೊಂಡು ಗುಲ್ಬರ್ಗಾಕ್ಕೆ ಒಯ್ದೆವು. ಭಾವ ಅತ್ತ ಜೇವರ್ಗಿಯಿಂದ ಬಂದರು. ತಂಗಿಯ ಮಗಳನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ನಾವು ಒಳಗೆ ಹೋದೆವು. ಡಾಕ್ಟರು ಮೂತ್ರ ನೋಡಿದರು, ಕಣ್ಣರೆಪ್ಪೆ ಎಳೆದು ನೋಡಿದರು, ಆಮೇಲೆ ಗುಳಿಗೆ ಯಾಕೆ ಬಿಟ್ಟಿರಿ ಎಂದು ಕೇಳಿದರು.

ತಂಗಿ ಮೊದಲು ನನ್ನ ಕಡೆ ನೋಡಿದಳು. ನಾನು ಚಷ್ಮಾ ತೆಗೆದು ಒರೆಸತೊಡಗಿದೆ.

"ನಾನೇ ಮರ್ತೇನ್ರಿ" ಎಂದಳು. "ಹಬ್ಬದ ಗದ್ದಲದಾಗ ಮರ್ತೆ."

ಡಾಕ್ಟರಿಗೆ ಸಿಟ್ಟು ನೆತ್ತಿಗೇರಿತು. ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿದೆ, ಇನ್ನು ಸರಿಯಾಗುವುದು ಕಷ್ಟ, ಜೀವದ ಕಾಳಜಿ ಇಲ್ಲದವರಿಗೆ ಔಷಧ ಯಾಕೆ ಎಂದು ಬಾಗಿಲಾಚೆ ಕೇಳುವಂತೆ ಒದರಿದರು. ಭಾವನೂ ಸೇರಿಕೊಂಡು ಬುದ್ಧಿಗೇಡಿ ಎಂದು ಬೈದರು. ಚಷ್ಮಾ ಒರೆಸಿ ಮುಗಿಯಿತು. ಹಾಕಿಕೊಂಡೆ. ನಾನು ಬಾಯಿ ಬಿಡಲಿಲ್ಲ.

ಅವಳು ಒಂದೂವರೆ ವರ್ಷ ಬದುಕಿದಳು. ಒಮ್ಮೆ ನೋಡಲು ಹೋದಾಗ, ಭಾವನಿಗೆ ಇವತ್ತು ಹೇಳಿಬಿಡುತ್ತೇನೆ ಎಂದೆ. ಅವಳೇ ಬೇಡ ಎಂದಳು. "ಬಿಡಣ್ಣಾ. ನಿನ್ನ ಮಾತು ನಾಕ್ ಮಂದ್ಯಾಗ ನಡೀಬೇಕು." ನಾನು ಎರಡನೆಯ ಸಲ ಕೇಳಲಿಲ್ಲ. ಖರೆ ಹೇಳುತ್ತೇನೆ, ಆಗ ನನ್ನ ಎದೆ ಹಗುರಾಯಿತು. ತಂಗಿ ಸಾಯುವ ಹೊತ್ತಿನಲ್ಲಿ ನನ್ನ ಎದೆ ಹಗುರಾಯಿತು. ಥೂ!

ತೊಂಬತ್ತರ ದಶಕದ ನಡುವೆ ವಿಜ್ಞಾನದ ಮಾಸ್ತರರಿಗೆಂದು ಗುಲ್ಬರ್ಗಾದಲ್ಲಿ ತರಬೇತಿ ಇಟ್ಟಿದ್ದರು. ನನಗಿಂತ ಬಹಳ ಸಣ್ಣ ವಯಸ್ಸಿನ ಉಪನ್ಯಾಸಕಿಯೊಬ್ಬಳು ಪಾಠ ಮಾಡಿದಳು. ಎದೆಮೂಳೆಯ ಹಿಂದೆ ಥೈಮಸ್ ಎಂಬ ಸಣ್ಣ ಗ್ರಂಥಿ ಇದೆಯಂತೆ. ಬಿಳಿ ಕಣಗಳಲ್ಲಿ ಒಂದು ಜಾತಿಯವು ಅಲ್ಲಿ ಪಳಗುತ್ತವೆ. ಅವುಗಳಲ್ಲಿ ಸ್ವಂತ ಮೈಯ ಮೇಲೆಯೇ ಕೈ ಮಾಡುವಂಥವು ಇದ್ದರೆ, ಹೊರಬೀಳುವ ಮೊದಲೇ ಮೈ ಅವುಗಳನ್ನು ಸಾಯಿಸುತ್ತದೆ. ತಪ್ಪಿಸಿಕೊಂಡು ಬಂದವನ್ನು ಹೊರಗೂ ಸಾಯಿಸುತ್ತದೆ. ರೋಗದ ಜೊತೆ ಕಾದಾಡಿ ಗೆದ್ದ ಕಣಗಳೂ ಕೆಲಸ ಮುಗಿದ ಮೇಲೆ ಬಹುಪಾಲು ಸಾಯುತ್ತವೆ. ಸಾಯುವ ಕಣ ಒಡೆದು ಗಲೀಜು ಮಾಡುವುದಿಲ್ಲ, ತನ್ನನ್ನು ತಾನೇ ಸಣ್ಣಸಣ್ಣ ಗಂಟು ಕಟ್ಟಿಕೊಳ್ಳುತ್ತದೆ. ಬೇರೆ ಕಣಗಳು ಬಂದು ಆ ಗಂಟುಗಳನ್ನು ನುಂಗಿ ಜಾಗ ಹಸನು ಮಾಡುತ್ತವೆ. ಸಾಯಬೇಕಾದವು ಸಾಯದಿದ್ದರೆ, ಸತ್ತವನ್ನು ಎತ್ತುವವರಿಲ್ಲದಿದ್ದರೆ, ಮೈಯೇ ಮೈಗೆ ವೈರಿಯಾಗಬಹುದು ಎಂದು ಹೇಳಿ ಅವಳು ಒಂದು ರೋಗದ ಚಿತ್ರ ತೋರಿಸಿದಳು. ಮೂಗಿನ ಮೇಲೆ, ಎರಡೂ ಕೆನ್ನೆಗೆ ಹರಡಿದ ಕೆಂಪು.

ಎಲ್ಲರೂ ಚಹಾಕ್ಕೆ ಎದ್ದ ಮೇಲೆ ಅವಳ ಹತ್ತಿರ ಹೋಗಿ ಆ ಗುಳಿಗೆಯ ಬಗ್ಗೆ ಕೇಳಿದೆ. ಅದು ಮಾಡುವ ಕೆಲಸಗಳಲ್ಲಿ ಇದೂ ಒಂದು ಸರ್, ಮೈ ತಾನೇ ಸಾಯಿಸಬೇಕಾಗಿದ್ದ ಕಣಗಳಲ್ಲಿ ಕೆಲವಕ್ಕೆ ಸಾಯಲು ಹೇಳುತ್ತದೆ ಎಂದಳು. ನಾನು ಚಹಾ ಕುಡಿಯದೆ ಬಸ್ ಸ್ಟ್ಯಾಂಡಿಗೆ ಹೋದೆ. ಇಪ್ಪತ್ತು ವರ್ಷ ಮೀಸೆ ಬರೆದು ಮಕ್ಕಳಿಗೆ ಕಲಿಸಿದ್ದೆನಲ್ಲ, ಆ ಸಿಪಾಯಿಗಳೇ ನನ್ನ ತಂಗಿಯನ್ನು ತಿಂದಿದ್ದವು. ಉಂಡಿ ಮಾಡಿಸಿ ಹಾಕಿದವನು ನಾನು.

ಆಗ ತಂಗಿಯ ಮಗಳು ಪಿಯುಸಿ ಎರಡನೆಯ ವರ್ಷದಲ್ಲಿದ್ದಳು. ರಜೆಗೆ ನಮ್ಮ ಮನೆಗೆ ಬಂದು, ರಕ್ತದ ಪಾಠ ಹೇಳಿಕೊಡ್ರಿ ಮಾಮಾ ಎಂದು ಪುಸ್ತಕ ಹಿಡಿದು ಕೂತಳು. ಅಂಗೈ ತುಂಬ ಮಸಿಯಲ್ಲಿ ಏನೇನೋ ಬರೆದುಕೊಂಡಿದ್ದಳು. ಕ್ಲಾಸಿನ ವೇಳೆ, ತರಬೇಕಾದ ಸಾಮಾನು, ಅಪ್ಪನ ಬಿ.ಪಿ. ಗುಳಿಗೆಯ ಹೊತ್ತು. ಇದೇನು ಎಂದು ಕೇಳಿದೆ.

"ಮರೀಬಾರದಂತ ಬರಕೊಂತೇನ್ರಿ. ಅವ್ವ ಮರ್ತು ಸತ್ಲು. ನಾನೂ ಅವಳ ಹಂಗ ಆಗ್ತೇನಂತ ಅಪ್ಪಗ ಅಂಜಿಕಿ."

ಹನ್ನೆರಡು ವರ್ಷ ಈ ಹುಡುಗಿ ತಾಯಿಯನ್ನು ಹಾಗೆ ತಿಳಿದುಕೊಂಡು ಬೆಳೆದಿದ್ದಳು. ಪುಸ್ತಕ ಮುಚ್ಚಿ ಹೇಳಿಬಿಟ್ಟೆ. ಕಾಗದ ಓದಿದ್ದು, ಭರೋಸಾ ಇಲ್ಲವೇ ಎಂದು ಕೇಳಿದ್ದು, ತಿಪ್ಪೆಗೆ ಚೆಲ್ಲಿದ್ದು, ಎಲ್ಲ. ನಾನು ತಿಳಿಯದೆ ಮಾಡಿದೆ ಎಂದು ಎರಡು ಸಲ ಸೇರಿಸಿದೆ. ಅವಳು ಅಳಲಿಲ್ಲ, ಒದರಲಿಲ್ಲ. ಅಂಗೈಯ ಮಸಿಯನ್ನು ಹೆಬ್ಬೆರಳಿನಿಂದ ತಿಕ್ಕಿದಳು.

"ತಿಳೀದೇ ಮಾಡಿದ್ರಿ, ಅದಿರಲಿ" ಎಂದಳು. "ಡಾಕ್ಟರ್ ಬೈಯೋದು ನನಗ ಹೊರಗ ಬೆಂಚಿನ ಮ್ಯಾಲ ಕೇಳಸ್ತಿತ್ತು. ಆವಾಗ ನೀವು ಎಲ್ಲಿದ್ರಿ ಮಾಮಾ?"

"ಒಳಗೇ ಇದ್ದೆ" ಎಂದೆ. "ನಿಮ್ಮವ್ವನ ಬಾಜೂಕೇ ನಿಂತಿದ್ದೆ."